ಸಾಲಿನಲ್ಲಿ ನಿಲ್ಲುವ ಚಿತ್ರ: ಸಮೂಹ ಕಲಾಪ್ರದರ್ಶನಕ್ಕೆ ಸಿದ್ಧತೆ



ನಿಮ್ಮಲ್ಲಿ ಅನೇಕರು ಚಿತ್ರ ಬರೆಯುತ್ತೀರಿ. ಕೆಲವರು ಮಣ್ಣಿನಲ್ಲಿ ಮೂರ್ತಿ ಮಾಡುತ್ತೀರಿ. ಮಾಡಿದ್ದನ್ನು ಮನೆಯವರಿಗೆ ತೋರಿಸುತ್ತೀರಿ, ಗೆಳೆಯರಿಗೆ ತೋರಿಸುತ್ತೀರಿ. ಈಗಂತೂ ಮೊಬೈಲಿನಲ್ಲಿ ಫೋಟೋ ತೆಗೆದು ಹತ್ತು ಮಂದಿಗೆ ಒಮ್ಮೆಲೇ ಕಳಿಸಿಬಿಡುತ್ತೀರಿ. ಆದರೆ ಎಂದೋ ಒಂದು ದಿನ ಎಂಟು ಹತ್ತು ಜನ ಗೆಳೆಯರು ಕೂಡಿ, "ನಾವೆಲ್ಲ ಸೇರಿ ಒಂದು ಪ್ರದರ್ಶನ ಮಾಡೋಣ" ಎಂದು ನಿರ್ಧರಿಸುತ್ತೀರಿ. ಅಂದಿನಿಂದ ನಿಮ್ಮ ಚಿತ್ರ ಒಂಟಿಯಲ್ಲ. ಅದರ ಎಡಕ್ಕೊಂದು, ಬಲಕ್ಕೊಂದು ಬೇರೆಯವರ ಚಿತ್ರ ಬಂದು ನಿಲ್ಲುತ್ತದೆ. ನೆರೆಹೊರೆ ಎಂದ ಮೇಲೆ ಒಂದಿಷ್ಟು ಹೊಂದಾಣಿಕೆ, ಒಂದಿಷ್ಟು ನ್ಯಾಯ, ಒಂದಿಷ್ಟು ಲೆಕ್ಕಾಚಾರ ಬೇಕೇ ಬೇಕಲ್ಲವೇ? ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಲಿರುವುದು ಆ ಸಿದ್ಧತೆಯ ಬಗ್ಗೆ. ಜೊತೆಗೆ, ಅದರಲ್ಲಿ ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ.

ನಾನು ಬೆಳಗಾವಿಯವನು. ಈ ಊರಿಗೆ ಚಿತ್ರಕಲೆಯ ನಂಟು ಹೊಸದಲ್ಲ. ಕೆ. ಬಿ. ಕುಲಕರ್ಣಿ ಎಂಬ ಹಿರಿಯ ಕಲಾವಿದರು ಇಲ್ಲಿದ್ದುಕೊಂಡೇ ಎಷ್ಟೋ ಮಂದಿ ಹುಡುಗರ ಕೈ ತಿದ್ದಿದರು. 1935ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂದೆ ಮುಂಬಯಿ, ಪುಣೆಗಳಲ್ಲಿ ಹೆಸರಾದ ರವಿ ಪರಾಂಜಪೆ ಅವರೂ ಕುಲಕರ್ಣಿಯವರ ಶಿಷ್ಯರೇ. ಪರಾಂಜಪೆಯವರು 2022ರಲ್ಲಿ ತೀರಿಕೊಂಡರು. ಟಿಳಕವಾಡಿಯ ವರೇರ್ಕರ್ ನಾಟ್ಯ ಸಂಘದಲ್ಲಿ ಕುಲಕರ್ಣಿಯವರ ಹೆಸರಿನ ಕಲಾ ಗ್ಯಾಲರಿ ಇದೆ. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ಲೋಂಡಾಕ್ಕೆ ಹೋಗುವ ರೈಲುದಾರಿಯಲ್ಲಿ, ಖಾನಾಪುರವಿದೆ. ಬೆಳಗಾವಿಯದು ಬಣ್ಣದ ಮಾತಾದರೆ ಖಾನಾಪುರದ್ದು ಮಣ್ಣಿನ ಮಾತು. ಅಲ್ಲಿಯ ಗಡಿಗೆ, ಹೂಜಿ, ಹಂಚುಗಳು ಸುತ್ತಲಿನ ಸಂತೆಗಳಿಗೆಲ್ಲ ಪರಿಚಿತ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿ ನೆಲೆಗೊಂಡದ್ದಕ್ಕೂ ಆ ಮಣ್ಣಿನ ಗುಣವೇ ಕಾರಣ.

ಕೆಲವು ವರ್ಷಗಳ ಹಿಂದೆ ನಾವು ಒಂಬತ್ತು ಮಂದಿ ಸೇರಿ ಬೆಳಗಾವಿಯಲ್ಲಿ ಒಂದು ಸಮೂಹ ಪ್ರದರ್ಶನ ಏರ್ಪಡಿಸಿದೆವು. ನಾನೊಬ್ಬ ಚಿತ್ರಕಲಾ ಶಿಕ್ಷಕ, ಉಳಿದವರು ಕಾಲೇಜು ವಿದ್ಯಾರ್ಥಿಗಳು. ಅವರಲ್ಲಿ ಖಾನಾಪುರದ ಕುಂಬಾರರ ಮನೆಯ ಹುಡುಗಿಯೊಬ್ಬಳಿದ್ದಳು. ಉಳಿದವರೆಲ್ಲ ಕಾಗದ, ಕ್ಯಾನ್ವಾಸುಗಳಲ್ಲಿ ಕೆಲಸ ಮಾಡಿದರೆ ಅವಳೊಬ್ಬಳು ಮಣ್ಣಿನಲ್ಲಿ ಮಾಡಿದ್ದಳು. ಅವಳ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಕ್ರಮವನ್ನು ನೋಡೋಣ.

ಪ್ರದರ್ಶನದ ಮಾತು ಬಂದಾಗ ನೀವು ಮೊದಲು ಕೇಳಬೇಕಾದ ಪ್ರಶ್ನೆ "ಎಲ್ಲಿ?" ಎಂಬುದಲ್ಲ, "ಯಾವಾಗ?" ಎಂಬುದು. ಏಕೆಂದರೆ ಒಂದೊಂದು ಮಾಧ್ಯಮಕ್ಕೂ ಅದರದೇ ಕಾಲಮಾನವಿದೆ. ಜಲವರ್ಣ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಅಕ್ರಿಲಿಕ್ ಬಣ್ಣವೂ ಬೇಗ ಒಣಗುತ್ತದೆ. ತೈಲವರ್ಣದ ರೀತಿಯೇ ಬೇರೆ. ಅದರಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ. ತೆಳುವಾಗಿ ಹಚ್ಚಿದ ಬಣ್ಣ ಕೆಲವು ದಿನಗಳಲ್ಲಿ ಮುಟ್ಟಲು ಬಂದರೆ, ದಪ್ಪವಾಗಿ ಹಚ್ಚಿದ್ದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅಂಥ ಚಿತ್ರಕ್ಕೆ ಕೊನೆಯ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯುವುದು ಒಳ್ಳೆಯದು. ಉದ್ಘಾಟನೆಯ ಹಿಂದಿನ ರಾತ್ರಿ ತೈಲಚಿತ್ರ ಮುಗಿಸಿ, ಮರುದಿನ ಅದನ್ನು ಹೊತ್ತು ತಂದು, ಬಾಗಿಲಲ್ಲೇ ಯಾರದೋ ಅಂಗಿಗೆ ಬಣ್ಣ ಬಳಿದವರನ್ನು ನಾನು ಕಂಡಿದ್ದೇನೆ.

ಮಣ್ಣು ಇನ್ನೂ ನಿಧಾನಿ. ಹಸಿಮಣ್ಣಿನಲ್ಲಿ ಮಾಡಿದ ವಸ್ತು ಒಣಗುವಾಗ ಕುಗ್ಗುತ್ತದೆ, ಸುಡುವಾಗ ಮತ್ತಷ್ಟು ಕುಗ್ಗುತ್ತದೆ. ಮಣ್ಣಿನ ಗುಣಕ್ಕೆ ತಕ್ಕಂತೆ ಒಟ್ಟು ನೂರಕ್ಕೆ ಎಂಟರಿಂದ ಹನ್ನೆರಡು ಪಾಲು ಕಡಿಮೆಯಾಗುವುದುಂಟು. ಅಂದರೆ ಹನ್ನೆರಡು ಅಂಗುಲದ ಮೂರ್ತಿ ಆವಿಗೆಯಿಂದ ಹೊರಬರುವಾಗ ಹೆಚ್ಚುಕಡಿಮೆ ಹನ್ನೊಂದು ಅಂಗುಲವಾಗಿರುತ್ತದೆ. ಒಂದು ಭಾಗ ಬೇಗ ಒಣಗಿ ಇನ್ನೊಂದು ತಡವಾದರೆ ಎರಡೂ ಒಂದನ್ನೊಂದು ಎಳೆದು ಬಿರುಕು ಬಿಡುತ್ತವೆ. ಆದ್ದರಿಂದಲೇ ಕುಂಬಾರರು ಅದನ್ನು ನೆರಳಿನಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಸಾವಕಾಶವಾಗಿ ಒಣಗಿಸುತ್ತಾರೆ. ಒಳಗೆ ತೇವ ಉಳಿದಿದ್ದರೆ ಆವಿಗೆಯ ಕಾವಿಗೆ ಅದು ಉಗಿಯಾಗಿ, ಹೊರಬರಲು ದಾರಿ ಕಾಣದೆ, ಮೂರ್ತಿಯನ್ನೇ ಒಡೆದುಬಿಡುತ್ತದೆ. ದಪ್ಪ ಮೂರ್ತಿಗಳ ಒಳಗನ್ನು ಕೆರೆದು ಟೊಳ್ಳು ಮಾಡುವುದು ಇದೇ ಕಾರಣಕ್ಕೆ. ಕೆಂಪು ಮಣ್ಣು ಸುಟ್ಟು ಗಟ್ಟಿಯಾಗಲು ಸುಮಾರು 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಖಾನಾಪುರ ತಾಲ್ಲೂಕಿನ ಮಳೆ ನಿಮಗೆ ಗೊತ್ತೇ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅದೇ ತಾಲ್ಲೂಕಿನದು. ಜೂನ್ ಬಂತೆಂದರೆ ಮಣ್ಣು ಒಣಗುವುದಿಲ್ಲ, ಕಟ್ಟಿಗೆ ಹತ್ತುವುದಿಲ್ಲ, ಬಯಲಿನ ಆವಿಗೆ ಹೊತ್ತಿಸುವ ಮಾತೇ ಇಲ್ಲ.

ನಮ್ಮ ಪ್ರದರ್ಶನ ಗೊತ್ತಾಗಿದ್ದು ಆಗಸ್ಟ್ ತಿಂಗಳಿಗೆ. ಅಂದಮೇಲೆ ಆ ಹುಡುಗಿ ಮೇ ತಿಂಗಳ ಒಳಗೇ ಎಲ್ಲವನ್ನೂ ಸುಟ್ಟು ಮುಗಿಸಬೇಕಾಯಿತು. ನಾವು ಚಿತ್ರಕಾರರು ಜುಲೈ ಕೊನೆಯವರೆಗೂ ಕುಂಚ ಆಡಿಸುತ್ತಿದ್ದೆವು. ಅವಳದು ಎರಡು ತಿಂಗಳು ಮೊದಲೇ ಹುಲ್ಲಿನ ಮೇಲೆ ಸಿದ್ಧವಾಗಿ ಕುಳಿತಿತ್ತು. ಇದರಿಂದ ನಾನು ಕಲಿತ ಪಾಠ ಇಷ್ಟು: ಗುಂಪಿನಲ್ಲಿ ಯಾರ ಮಾಧ್ಯಮ ಎಲ್ಲರಿಗಿಂತ ನಿಧಾನವೋ ಅವರನ್ನು ಕೇಳಿ ದಿನಾಂಕ ನಿಶ್ಚಯಿಸಬೇಕು. ಬೇಗ ಮುಗಿಸುವವರು ಹೇಗೂ ಮುಗಿಸುತ್ತಾರೆ.

ಎರಡನೆಯ ಕೆಲಸ ಆಯ್ಕೆ. ನಿಮ್ಮ ಬಳಿ ಇಪ್ಪತ್ತು ಚಿತ್ರಗಳಿರಬಹುದು. ಇಪ್ಪತ್ತೂ ನಿಮಗೆ ಪ್ರಿಯವೇ ಇರಬಹುದು. ಆದರೆ ಒಂಬತ್ತು ಮಂದಿಯ ಪ್ರದರ್ಶನದಲ್ಲಿ ನಿಮ್ಮ ಪಾಲಿಗೆ ಬರುವುದು ಮೂರೋ ನಾಲ್ಕೋ. ಎಲ್ಲವನ್ನೂ ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಒಂದೇ ಮಾತನ್ನು ಹೇಳುವ ಎರಡು ಚಿತ್ರಗಳಿದ್ದರೆ ಒಂದನ್ನು ತೆಗೆದಿಡಿ. ಬರೆಯಲು ಬಹಳ ಕಷ್ಟಪಟ್ಟಿರಿ ಎಂಬ ಕಾರಣಕ್ಕೆ ಯಾವುದನ್ನೂ ಆರಿಸಬೇಡಿ. ನೋಡುವವನಿಗೆ ನಿಮ್ಮ ಕಷ್ಟ ಕಾಣುವುದಿಲ್ಲ, ಚಿತ್ರ ಮಾತ್ರ ಕಾಣುತ್ತದೆ. ನಂತರ ಗುಂಪಿನ ಒಬ್ಬ ಗೆಳೆಯನನ್ನು ಕರೆದು, "ಇವುಗಳಲ್ಲಿ ನೀನು ಯಾವುದನ್ನು ಬಿಡುತ್ತೀ?" ಎಂದು ಕೇಳಿ. "ಯಾವುದು ಚೆನ್ನಾಗಿದೆ?" ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಎಲ್ಲವೂ ಚೆನ್ನಾಗಿವೆ ಎನ್ನುತ್ತಾನೆ.

ಮೂರನೆಯದು ಚಿತ್ರವನ್ನು ಗೋಡೆಗೆ ಸಿದ್ಧಮಾಡುವುದು. ಕಾಗದದ ಮೇಲಿನ ಜಲವರ್ಣಕ್ಕೆ ಕಟ್ಟು ಹಾಕಿಸುವಾಗ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡಿನ ಕಿಟಕಿ ಕತ್ತರಿಸಿ ಇಡಬೇಕು. ಗಾಜು ತಾಗಿದ್ದರೆ ಮಳೆಗಾಲದ ತೇವಕ್ಕೆ ಕಾಗದ ಅದಕ್ಕೇ ಅಂಟಿಕೊಂಡು ಬೂಸ್ಟು ಹಿಡಿಯುತ್ತದೆ. ಮೌಂಟಿನ ಕೆಳಗಿನ ಅಂಚನ್ನು ಮೇಲಿನ ಮೂರು ಅಂಚುಗಳಿಗಿಂತ ತುಸು ಅಗಲವಾಗಿ ಬಿಡುವುದು ವಾಡಿಕೆ. ಸಮವಾಗಿ ಬಿಟ್ಟರೆ ಚಿತ್ರ ಕೆಳಕ್ಕೆ ಜಾರಿದಂತೆ ಕಣ್ಣಿಗೆ ತೋರುತ್ತದೆ. ಚೌಕಟ್ಟಿನ ಹಿಂಬದಿಗೆ, ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೆಳಗೆ, ಎರಡೂ ಪಕ್ಕಕ್ಕೆ ಕೊಂಡಿ ಹಾಕಿ ಗಟ್ಟಿ ತಂತಿ ಬಿಗಿಯಿರಿ. ಸುತಳಿ ದಾರವನ್ನು ನಂಬಬೇಡಿ. ಹಿಂದೆ ನಿಮ್ಮ ಹೆಸರು, ಚಿತ್ರದ ಹೆಸರು, ಯಾವ ಕಡೆ ಮೇಲು ಎಂಬ ಬಾಣದ ಗುರುತು ಇರಲಿ. ನಗಬೇಡಿ, ನಿಮ್ಮ ಚಿತ್ರವನ್ನು ತೂಗುಹಾಕುವವನು ನೀವೇ ಆಗಿರಬೇಕೆಂದಿಲ್ಲ. ಸಾಗಿಸುವಾಗ ತೈಲಚಿತ್ರದ ಮುಖಕ್ಕೆ ನೇರವಾಗಿ ಪ್ಲಾಸ್ಟಿಕ್ ಸುತ್ತಿದರೆ ಸೆಕೆಗೆ ಅದು ಅಂಟಿಕೊಳ್ಳುತ್ತದೆ. ಮೊದಲು ಬಟರ್ ಪೇಪರು, ನಂತರ ರಟ್ಟು, ಎಲ್ಲಕ್ಕೂ ಹೊರಗೆ ಮಳೆಗಾಗಿ ಪ್ಲಾಸ್ಟಿಕ್, ಹೀಗೆ ಸುತ್ತಿರಿ. ಎರಡು ಚಿತ್ರಗಳನ್ನು ಒಟ್ಟಿಗೆ ಕಟ್ಟುವಾಗ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಇರಬೇಕು. ಒಂದರ ಕೊಂಡಿ ಇನ್ನೊಂದರ ಗಾಜನ್ನು ಕೆರೆಯಬಾರದು.

ಇನ್ನು ಗೋಡೆಯ ಲೆಕ್ಕ. ಸಭಾಂಗಣಕ್ಕೆ ಮೊದಲೇ ಹೋಗಿ ಟೇಪು ಹಿಡಿದು ಪ್ರತಿ ಗೋಡೆಯನ್ನೂ ಅಳೆಯಿರಿ. ಕಿಟಕಿ, ಬಾಗಿಲು, ವಿದ್ಯುತ್ ಗುಂಡಿಗಳನ್ನೂ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಗ್ರಾಫ್ ಕಾಗದದ ಮೇಲೆ ಒಂದು ಮೀಟರಿಗೆ ಐದು ಸೆಂಟಿಮೀಟರಿನಂತೆ ಗೋಡೆಯ ನಕ್ಷೆ ಬರೆಯಿರಿ. ಅದೇ ಅಳತೆಗೆ ಚಿತ್ರಗಳ ಆಕಾರದಲ್ಲಿ ಕಾಗದದ ಚೂರುಗಳನ್ನು ಕತ್ತರಿಸಿ, ಅತ್ತಿತ್ತ ಸರಿಸಿ ನೋಡಿ. ಜಗಳವಾಡುವುದಿದ್ದರೆ ಈ ಕಾಗದದ ಮೇಲೆಯೇ ಆಡಿ ಮುಗಿಸಿ. ಮೊಳೆ ಹೊಡೆದ ಮೇಲಿನ ಜಗಳಕ್ಕೆ ಗೋಡೆ ಹಾಳಾಗುತ್ತದೆ.

ಒಂದು ಉದಾಹರಣೆ ನೋಡಿ. ಗೋಡೆ ಆರು ಮೀಟರು ಉದ್ದವಿದೆ, ಅಂದರೆ 600 ಸೆಂಟಿಮೀಟರು. ಅದರ ಮೇಲೆ 60 ಸೆಂಟಿಮೀಟರು ಅಗಲದ ಐದು ಚಿತ್ರಗಳು ಬರಬೇಕು. ಚಿತ್ರಗಳಿಗೆ 300 ಹೋಯಿತು, ಉಳಿದದ್ದು 300. ಎರಡು ತುದಿ ಹಿಡಿದು ಒಟ್ಟು ಆರು ಬಿಡುವುಗಳು. ಒಂದೊಂದಕ್ಕೆ 50 ಸೆಂಟಿಮೀಟರು. ಇನ್ನು ಎತ್ತರ. ಚಿತ್ರದ ನಟ್ಟನಡುವೆ ನೋಡುವವನ ಕಣ್ಣಿಗೆ ನೇರವಾಗಿ, ನೆಲದಿಂದ ಸುಮಾರು 150 ಸೆಂಟಿಮೀಟರು, ಅಂದರೆ ಹೆಚ್ಚುಕಡಿಮೆ ಐದಡಿ ಎತ್ತರದಲ್ಲಿ ಬಂದರೆ ಅನುಕೂಲ. ಚಿಕ್ಕ ಮಕ್ಕಳೇ ನೋಡುವ ಪ್ರದರ್ಶನವಾದರೆ ಇನ್ನೂ ಕೆಳಗೆ ಇಳಿಸಿ. ಮೊಳೆ ಎಲ್ಲಿ ಹೊಡೆಯಬೇಕು? 150ಕ್ಕೆ ಚೌಕಟ್ಟಿನ ಎತ್ತರದ ಅರ್ಧ ಕೂಡಿಸಿ, ತಂತಿಯನ್ನು ಬಿಗಿಯಾಗಿ ಮೇಲಕ್ಕೆಳೆದಾಗ ಅದು ಚೌಕಟ್ಟಿನ ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟನ್ನು ಕಳೆಯಿರಿ. ಚೌಕಟ್ಟು 60 ಎತ್ತರವಿದ್ದು ತಂತಿ 8 ಕೆಳಗಿದ್ದರೆ, 150 ಕೂಡಿಸು 30, ಕಳೆ 8, ಒಟ್ಟು 172. ಗವಂಡಿಗಳ ರಸಮಟ್ಟವೊಂದನ್ನು ಕೇಳಿ ತಂದಿಟ್ಟುಕೊಂಡರೆ ಚಿತ್ರ ವಾಲಿದೆಯೇ ಇಲ್ಲವೇ ಎಂಬ ವಾದವೇ ಹುಟ್ಟುವುದಿಲ್ಲ. ದೀಪದ ಬೆಳಕು ನೇರವಾಗಿ ಎದುರಿನಿಂದ ಬಿದ್ದರೆ ಗಾಜಿನಲ್ಲಿ ನೋಡುವವನ ಮುಖವೇ ಕಾಣುತ್ತದೆ. ಮೇಲಿನಿಂದ ಓರೆಯಾಗಿ ಬೀಳಲಿ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಜಲವರ್ಣವನ್ನು ಹಾಕಬೇಡಿ. ಬಣ್ಣ ಮಾಸುತ್ತದೆ.

ಎಲ್ಲರ ಚಿತ್ರಕ್ಕೂ ಒಳ್ಳೆಯ ಜಾಗ ಬೇಕು. ಆದರೆ ಸಭಾಂಗಣದಲ್ಲಿ ಎಲ್ಲ ಜಾಗವೂ ಒಳ್ಳೆಯದಿರುವುದಿಲ್ಲ. ಹಾಗಾದರೆ ಹಂಚುವುದು ಹೇಗೆ? ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಫ್ರಾನ್ಸಿನ ರಾಜಧಾನಿ ಪ್ಯಾರಿಸ್ಸಿನಲ್ಲಿ ಆಗ ಸಲೋನ್ ಎಂಬ ದೊಡ್ಡ ಅಧಿಕೃತ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಚಿತ್ರ ಆರಿಸುವವರು ತೀರ್ಪುಗಾರರು. ಆಯ್ಕೆಯಾದರೂ ಚಿತ್ರಗಳನ್ನು ನೆಲದಿಂದ ಚಾವಣಿಯವರೆಗೆ ಒತ್ತೊತ್ತಾಗಿ ತೂಗುಹಾಕುತ್ತಿದ್ದರು. ಮೇಲೆ ಸಿಕ್ಕಿಕೊಂಡ ಚಿತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದರಿಂದ ಬೇಸತ್ತ ಸುಮಾರು 30 ಮಂದಿ ಕಲಾವಿದರು 1874ರ ಏಪ್ರಿಲ್ 15ರಂದು, ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ, ತಮ್ಮದೇ ಸಮೂಹ ಪ್ರದರ್ಶನ ತೆರೆದರು. ಮೊನೆ, ರೆನ್ವಾ, ದೆಗಾ, ಪಿಸಾರೊ, ಸೆಜಾನ್ ಮತ್ತು ಬರ್ತ್ ಮೊರಿಸೋ ಎಂಬ ಮಹಿಳೆ ಆ ಗುಂಪಿನಲ್ಲಿದ್ದರು. ಅಲ್ಲಿ ತೀರ್ಪುಗಾರರಿರಲಿಲ್ಲ. ಚಿತ್ರಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಜಾಗವನ್ನು ಚೀಟಿ ಎತ್ತಿ ಹಂಚಿಕೊಳ್ಳುವುದೆಂದು ಅವರು ಮಾತು ಮಾಡಿಕೊಂಡಿದ್ದರು. ಯಾರೂ ಯಾರಿಗಿಂತ ಮೇಲಲ್ಲ ಎಂಬುದು ಅದರ ಅರ್ಥ.

ಈ ಕಥೆಯನ್ನು ನಾನು ನಮ್ಮ ಹುಡುಗರಿಗೆ ಬಹಳ ಉತ್ಸಾಹದಿಂದ ಹೇಳಿದೆ. ನಾವೂ ಹಾಗೇ ಮಾಡೋಣವೆಂದು ಗೋಡೆಗಳಿಗೆ ಅಂಕಿ ಕೊಟ್ಟು ಚೀಟಿ ಬರೆದೆವು. ಎಂಟು ಚೀಟಿ. ಮಣ್ಣಿನ ಕೆಲಸಕ್ಕೆ ಗೋಡೆ ಬೇಡವಲ್ಲ ಎಂದು ಆ ಹುಡುಗಿಗೆ ಚೀಟಿ ಬರೆಯಲಿಲ್ಲ. ಬರೆದವನು ನಾನೇ.

ಅವಳದು ಮೂರು ಹರವಿಗಳು. ತಿಗರಿಯ ಮೇಲೆ ಗಂಡಸರೇ ಕೂಡುವ ಮನೆ ಅವರದು. ಹೆಂಗಸರ ಪಾಲಿಗೆ ಮಣ್ಣು ತುಳಿಯುವುದು, ತಟ್ಟುವುದು, ಸಂತೆಯಲ್ಲಿ ಮಾರುವುದು. ಇವಳು ತಿಗರಿ ಇಲ್ಲದೆಯೇ, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ಮೂರು ಹರವಿಗಳನ್ನು ಕಟ್ಟಿದ್ದಳು. ಹೊರಮೈ ನುಣುಪು. ಒಳಗೆ ಮಾತ್ರ ಅವಳ ಹೆಬ್ಬೆರಳಿನ ಗುರುತುಗಳು ಸಾಲುಸಾಲಾಗಿ, ಬಾಯಿಂದ ತಳದವರೆಗೆ, ಒಂದನ್ನೂ ಅಳಿಸದೆ ಹಾಗೇ ಬಿಟ್ಟಿದ್ದಳು. ಬಗ್ಗಿ ನೋಡಿದವರಿಗೆ ಮಾತ್ರ ಅದು ಕಾಣುತ್ತಿತ್ತು.

ತೂಗುಹಾಕುವ ದಿನ ಅವಳು ಬಂದು, "ಸರ್, ನನ್ನವು ಎಲ್ಲಿಡ್ಲಿರಿ?" ಎಂದು ಕೇಳಿದಳು. ನಾನು ಏಣಿಯ ಮೇಲಿದ್ದೆ. ನಕ್ಷೆಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಇಡಲು ಪೀಠವನ್ನೂ ಮಾಡಿಸಿರಲಿಲ್ಲ. "ಬಾಗಿಲ ಹತ್ತಿರ ಇಡಮ್ಮ, ಶೋಭೆಯಾಗಿರುತ್ತದೆ" ಎಂದೆ. ಅವಳು ಇಟ್ಟಳು. ಗೋಡೆಯ ಚಿತ್ರಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದೆವು. ನೆಲದ ಮೇಲಿನ ಹರವಿಗಳಿಗೆ ಎಲ್ಲಿ ಅಂಟಿಸುವುದೆಂದು ತಿಳಿಯದೆ ಬಿಟ್ಟೆವು.

ಮರುದಿನ ಉದ್ಘಾಟನೆ. ಜೋರು ಮಳೆ. ಖಾನಾಪುರದಿಂದ ಅವಳ ತಂದೆ ಬೆಳಗಿನ ರೈಲು ಹಿಡಿದು ಬಂದಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ವಸ್ತ್ರ. ಅವರು ಸಭಾಂಗಣವನ್ನು ಎರಡು ಸುತ್ತು ಬಂದರು. ಪ್ರತಿ ಚೀಟಿಯ ಮುಂದೂ ನಿಂತು ಹೆಸರು ಓದುತ್ತಿದ್ದರು. ಮಗಳ ಹೆಸರು ಸಿಗಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಹೊರಡಲೆಂದು ಬಾಗಿಲಿಗೆ ಬಂದಾಗ ಹರವಿಗಳು ಕಂಡವು. ನಡುವಿನ ಹರವಿಯಲ್ಲಿ ಯಾರೋ ತೊಯ್ದ ಕೊಡೆ ಇಟ್ಟಿದ್ದರು. ಕೊಡೆಯ ನೀರು ಒಳಗೆ ಇಳಿದಿತ್ತು. ಅವರು ಕೊಡೆ ತೆಗೆದು ಗೋಡೆಗೆ ಒರಗಿಸಿದರು. ಹೆಗಲ ವಸ್ತ್ರದ ತುದಿಯಿಂದ ಹರವಿಯ ಒಳಗನ್ನು, ಬಾಯನ್ನು ಒರೆಸಿದರು. ಎದ್ದು ನಿಂತು ನನ್ನನ್ನು ನೋಡಿ ಕೈಮುಗಿದು ಹೋದರು.

ನಾನು ಹುಡುಗಿಯ ಬಳಿ ಹೋಗಿ, "ಕೊಡೆ ಇಟ್ಟದ್ದನ್ನು ನೀನು ನೋಡಿರಲಿಲ್ಲವೇನಮ್ಮ?" ಎಂದೆ. "ನೋಡಿದ್ನಿರಿ ಸರ್. ಇರ್ಲಿ ಬಿಡ್ರಿ, ಮಳಿ ಐತಲ್ರಿ" ಎಂದಳು.

ಮಿತ್ರರೇ, ಕೊಡೆ ಇಟ್ಟವರದು ತಪ್ಪಲ್ಲ. ಬಾಗಿಲ ಬಳಿ ಹೆಸರಿಲ್ಲದೆ ಇಟ್ಟ ಹರವಿ ಅವರಿಗೆ ಕೊಡೆ ಇಡುವ ಪಾತ್ರೆಯಂತೆ ಕಂಡಿತು. ಒಂದು ವಸ್ತು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಪಕ್ಕದಲ್ಲಿ ಏನು ಬರೆದಿದೆ ಎಂಬುದರಿಂದಲೇ ಅದನ್ನು ಹೇಗೆ ನೋಡಬೇಕೆಂದು ಜನರಿಗೆ ತಿಳಿಯುತ್ತದೆ. ಆ ಹರವಿಯನ್ನು ಕಟ್ಟಿದವಳು ತನ್ನ ಕೆಲಸವನ್ನು ಪೂರ್ತಿ ಮಾಡಿದ್ದಳು. ಅದನ್ನು ಕಾಣಿಸುವ ಕೆಲಸ ನನ್ನದಾಗಿತ್ತು, ಅದನ್ನು ನಾನು ಮಾಡಿರಲಿಲ್ಲ. ಗೋಡೆಗೆ ಬರುವುದು ಕಲೆ, ನೆಲದ ಮೇಲಿರುವುದು ಸಾಮಾನು ಎಂಬ ಎಣಿಕೆ ನನ್ನ ತಲೆಯಲ್ಲಿ ಇತ್ತು. ಚೀಟಿ ಎತ್ತುವುದು ನ್ಯಾಯವೇ ಸರಿ. ಆದರೆ ಚೀಟಿ ಬರೆಯುವಾಗಲೇ ಒಬ್ಬರನ್ನು ಬಿಟ್ಟರೆ ಅದು ಯಾವ ನ್ಯಾಯ?

ಆ ರಾತ್ರಿ ಎಲ್ಲರೂ ಕೂಡಿ ಕೆಲಸ ಮಾಡಿದೆವು. ಒಳ್ಳೆಯ ಗೋಡೆ ನನ್ನ ಪಾಲಿಗೆ ಬಂದಿತ್ತು. ನನ್ನ ನಾಲ್ಕು ಚಿತ್ರಗಳಲ್ಲಿ ಎರಡನ್ನು ಇಳಿಸಿದೆ. ಆ ಗೋಡೆಯ ಮುಂದೆ, ಕಿಟಕಿಯ ಬೆಳಕು ಓರೆಯಾಗಿ ಬೀಳುವಲ್ಲಿ, ಮೂರು ಹಲಗೆಪೆಟ್ಟಿಗೆಗಳನ್ನು ತಂದಿಟ್ಟು ಬಿಳಿಯ ಬಣ್ಣ ಬಳಿದೆವು. ಎತ್ತರ ಎಷ್ಟಿರಬೇಕೆಂದು ಹುಡುಗಿಯನ್ನೇ ಕೇಳಿದೆವು. ಎತ್ತರದ ಪೀಠದ ಮೇಲಿಟ್ಟರೆ ಗೌರವವೆಂದು ನಮಗೆ ತೋರಿತ್ತು. ಅವಳು, "ಬ್ಯಾಡ್ರಿ, ಒಳಗ ನೋಡಾಕ ಬರಂಗಿಲ್ಲ" ಎಂದಳು. ಒಂದೂವರೆ ಅಡಿಯ ಹರವಿ ಎರಡಡಿಯ ಪೀಠದ ಮೇಲೆ ಕುಳಿತಾಗ ಅದರ ಬಾಯಿ ಮೂರೂವರೆ ಅಡಿಗೆ ಬಂತು. ನಿಂತವರು ತುಸು ಬಗ್ಗಿದರೆ ಒಳಗಿನ ಬೆರಳ ಸಾಲು ಪೂರ್ತಿ ಕಾಣುತ್ತಿತ್ತು. ಮೂರು ಆಯಾಮದ ಕೃತಿಯ ಸುತ್ತ ಜನ ನಡೆದಾಡಲು ಮೂರಡಿ ದಾರಿಯನ್ನೂ ಬಿಟ್ಟೆವು. ಬಾಗಿಲ ಬಳಿ ಕೊಡೆಗಳಿಗಾಗಿ ಒಂದು ಬಕೆಟ್ ಇಟ್ಟೆವು. ಅದನ್ನು ಮೊದಲೇ ಇಡಬೇಕಿತ್ತು.

ಇನ್ನು ಹೆಸರಿನ ಚೀಟಿಯ ಮಾತು. ಇದು ಚಿಕ್ಕ ವಿಷಯವೆಂದು ತಿಳಿಯಬೇಡಿ. ಚೀಟಿಯಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ಮಾಧ್ಯಮ, ಅಳತೆ, ವರ್ಷ ಇರಬೇಕು. ಅಳತೆ ಬರೆಯುವಾಗ ಮೊದಲು ಎತ್ತರ, ನಂತರ ಅಗಲ. ಮಾರಾಟಕ್ಕಿದ್ದರೆ ಬೆಲೆ, ಇಲ್ಲದಿದ್ದರೆ ಮಾರಾಟಕ್ಕಿಲ್ಲ ಎಂಬ ಮಾತು. ಎರಡು ಹೆಜ್ಜೆ ದೂರದಿಂದ ಅಜ್ಜನೊಬ್ಬ ಕನ್ನಡಕ ಹಾಕಿಕೊಂಡು ಓದುವಷ್ಟು ದೊಡ್ಡ ಅಕ್ಷರ ಇರಲಿ. ನಮ್ಮ ಬೆಳಗಾವಿಯಂಥ ಊರಿನಲ್ಲಿ ಕನ್ನಡದ ಜೊತೆಗೆ ಮರಾಠಿ, ಇಂಗ್ಲಿಷುಗಳಲ್ಲೂ ಬರೆದರೆ ಬಂದ ಎಲ್ಲರೂ ಓದಿಕೊಳ್ಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕಿತ್ತೂರಿನ ಹತ್ತಿರ ದೇಗಾಂವ ಎಂಬ ಊರಿದೆ. ಅಲ್ಲಿಯ ಕಮಲನಾರಾಯಣ ದೇವಾಲಯ ಗೋವೆಯ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನದ್ದು. ಕಟ್ಟಿಸಿದ ರಾಣಿ ಕಮಲಾದೇವಿಯ ಹೆಸರಿನ ಜೊತೆಗೆ, ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಶಾಸನದಲ್ಲಿ ಉಳಿದಿದೆ. ಎಂಟು ನೂರು ವರ್ಷ ಕಳೆದರೂ ನಾವು ಅವನನ್ನು ಹೆಸರು ಹಿಡಿದು ನೆನೆಯುತ್ತೇವೆ. ಅಂಥ ನೆಲದಲ್ಲಿದ್ದು ನಾವು ಮೂರು ಹರವಿಗಳಿಗೆ ಒಂದು ಚೀಟಿ ಬರೆಯದೆ ಬಿಟ್ಟಿದ್ದೆವು.

ಕೃತಿಗೆ ಹೆಸರಿಡುವಾಗಲೂ ಯೋಚನೆ ಬೇಕು. ಮೊದಲು ಹೇಳಿದ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಪಟ್ಟಿ ತಯಾರಿಸುತ್ತಿದ್ದವನು ರೆನ್ವಾನ ತಮ್ಮ. ಲ ಹಾವ್ರ್ ಬಂದರಿನ ಮಂಜು ಮುಸುಕಿದ ಬೆಳಗನ್ನು ಮೊನೆ ಚಿತ್ರಿಸಿದ್ದ. ಅದಕ್ಕೇನು ಹೆಸರೆಂದು ಕೇಳಿದಾಗ, ಬಂದರಿನ ನೋಟ ಎನ್ನಲು ಅದರಲ್ಲಿ ಬಂದರು ಸರಿಯಾಗಿ ಕಾಣುವುದಿಲ್ಲವಲ್ಲ ಎಂದು, "ಇಂಪ್ರೆಶನ್" ಎಂದು ಹಾಕು ಎಂದನಂತೆ. ಆ ಕ್ಷಣ ಕಣ್ಣಿಗೆ ಮೂಡಿದ ಭಾವ ಎಂದು ಅದರ ಅರ್ಥ. ವಿಮರ್ಶಕನೊಬ್ಬ ಅದೇ ಮಾತನ್ನು ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿ ಬರೆದ. ಕೊನೆಗೆ ಅದೇ ಆ ಪಂಥದ ಹೆಸರಾಗಿ ನಿಂತಿತು. ಒಂದು ಚೀಟಿಯ ಮೇಲಿನ ಒಂದು ಶಬ್ದ ಎಷ್ಟು ದೂರ ನಡೆಯಿತು ನೋಡಿ.

ಪ್ರದರ್ಶನ ನಡೆಯುವ ದಿನಗಳಲ್ಲಿ ಸರದಿಯ ಮೇಲೆ ಇಬ್ಬರಾದರೂ ಸಭಾಂಗಣದಲ್ಲಿರಬೇಕು. ಬಂದವರ ಹಿಂದೆ ಹಿಂದೆ ಹೋಗಿ ವಿವರಿಸಬೇಡಿ. ಅವರು ಕೇಳಿದಾಗ ಹೇಳಿ. ನಿಮ್ಮ ಚಿತ್ರದ ಬಗ್ಗೆ ಮಾತ್ರವಲ್ಲ, ಪಕ್ಕದ ಗೆಳೆಯನ ಚಿತ್ರದ ಬಗ್ಗೆಯೂ ನಾಲ್ಕು ಮಾತು ಹೇಳಲು ನಿಮಗೆ ಬರಬೇಕು. ಅದಕ್ಕಾಗಿ ಉದ್ಘಾಟನೆಗೆ ಮೊದಲು ಒಂದು ಸಂಜೆ ಎಲ್ಲರೂ ಕುಳಿತು, ಒಬ್ಬರ ಕೃತಿಯ ಬಗ್ಗೆ ಇನ್ನೊಬ್ಬರು ಮಾತನಾಡಿ. ಅಭಿಪ್ರಾಯ ಬರೆಯುವ ಪುಸ್ತಕ ಇಡಿ. ಅದರಲ್ಲಿ ಹೊಗಳಿಕೆ ಬಂದರೆ ಸಂತೋಷಪಡಿ, ತೆಗಳಿಕೆ ಬಂದರೆ ಎರಡು ಸಲ ಓದಿ. ಬಾಡಿಗೆ, ಮೊಳೆ, ತಂತಿ, ಆಮಂತ್ರಣ, ಚಹಾ ಎಲ್ಲದರ ಲೆಕ್ಕವನ್ನು ಒಂದೇ ವಹಿಯಲ್ಲಿ ಬರೆದಿಡಿ. ಪ್ರತಿ ಕೃತಿಯೂ ಬಂದ ದಿನ, ಮರಳಿ ಹೋದ ದಿನ ಸಹಿಯೊಂದಿಗೆ ದಾಖಲಾಗಲಿ. ಸ್ನೇಹ ಉಳಿಯಲು ಇದು ಒಳ್ಳೆಯ ಉಪಾಯ. ಕೊನೆಯ ದಿನ ಚಿತ್ರ ಇಳಿಸಿದ ಮೇಲೆ ಮೊಳೆ ಕಿತ್ತು, ತೂತು ಮುಚ್ಚಿ, ನೆಲ ಗುಡಿಸಿ ಬೀಗದ ಕೈ ಒಪ್ಪಿಸಿ. ಮುಂದಿನ ಗುಂಪಿಗೆ ಆ ಬಾಗಿಲು ತೆರೆಯುವುದು ನಿಮ್ಮ ನಡತೆಯಿಂದ.

ನಮ್ಮ ಪ್ರದರ್ಶನದ ಕೊನೆಯ ದಿನ ಆ ಹುಡುಗಿಯ ತಂದೆ ಹರವಿಗಳನ್ನು ಒಯ್ಯಲು ಮತ್ತೆ ಬಂದರು. ಈ ಸಲ ನೇರವಾಗಿ ಬೆಳಕಿನ ಕಡೆಗೆ ನಡೆದರು. ಮಗಳ ಹೆಸರಿರುವ ಚೀಟಿಯ ಮುಂದೆ ಬಹಳ ಹೊತ್ತು ನಿಂತರು. ನಾನು ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ. ಅವರು ಚೀಟಿಯ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ಬರೇ ಮಣ್ಣು ಅಂತ ಬರದೀರಲ್ರಿ. ಯಾವ ಮಣ್ಣ್ರಿ? ಹೊಲದ್ದೋ, ಕೆರೀದೋ? ಎರಡೂ ಕೂಡಿಸಿ ಹದಾ ಮಾಡೇವ್ರಿ. ಆಕೀನ ತುಳದಾಳ್ರಿ" ಎಂದರು. ನಾನು ಪೆನ್ನು ತೆಗೆದು ಬರೆದೆ: ಖಾನಾಪುರದ ಹೊಲದ ಮಣ್ಣು ಮತ್ತು ಕೆರೆಯ ಮಣ್ಣು, ಕೈಯಿಂದ ಕಟ್ಟಿದ್ದು, ಕಟ್ಟಿಗೆಯ ಆವಿಗೆಯಲ್ಲಿ ಸುಟ್ಟದ್ದು. ಪ್ರದರ್ಶನ ಮುಗಿಯಲು ಆಗ ಒಂದು ತಾಸು ಉಳಿದಿತ್ತು. ಆ ಒಂದು ತಾಸಿನಲ್ಲಿ ಬಂದವರು ಹೆಚ್ಚೆಂದರೆ ಹತ್ತು ಮಂದಿ. ಅವರಾದರೂ ಸರಿಯಾದ ಚೀಟಿಯನ್ನು ಓದಿದರು.

ಈಗ ನೀವು ಪ್ರದರ್ಶನ ಮಾಡುವಾಗ ಒಂದು ಕೆಲಸ ಮಾಡಿ. ಎಲ್ಲವನ್ನೂ ತೂಗುಹಾಕಿ, ದೀಪ ಹಚ್ಚಿ, ಚೀಟಿ ಅಂಟಿಸಿ ಮುಗಿಸಿದ ಮೇಲೆ, ಹೊರಗೆ ಹೋಗಿ ಬಾಗಿಲಿನಿಂದ ಮತ್ತೆ ಒಳಗೆ ಬನ್ನಿ. ನಿಮ್ಮ ಚಿತ್ರವನ್ನು ನೋಡಬೇಡಿ, ಅದನ್ನು ನೀವು ಸಾಕಷ್ಟು ನೋಡಿದ್ದೀರಿ. ಗುಂಪಿನಲ್ಲಿ ಯಾರ ಕೃತಿ ಕಣ್ಣಿಗೆ ಬೀಳುತ್ತಿಲ್ಲ ಎಂದು ಹುಡುಕಿ. ಅವರ ತಂದೆಯೋ ತಾಯಿಯೋ ನಾಳೆ ಊರಿನಿಂದ ಬರುತ್ತಾರೆ, ಗೋಡೆಯಿಂ ಗೋಡೆಗೆ ಹೆಸರು ಓದುತ್ತ ನಡೆಯುತ್ತಾರೆ ಎಂಬುದು ನೆನಪಿರಲಿ. ಬೇಕಾದರೆ ನಿಮ್ಮದೊಂದನ್ನು ಇಳಿಸಿ ಅದಕ್ಕೆ ಜಾಗ ಮಾಡಿಕೊಡಿ.